ಸಮಾರಂಭಗಳಲ್ಲಿ ಮಕ್ಕಳ ನಡವಳಿಕೆ ಮತ್ತು ಹಿರಿಯರ ಮೇಲ್ವಿಚಾರಣೆ

ಪೀಠಿಕೆ

ನಮ್ಮ ಕಡೆಯ ಮದುವೆಯ ಮನೆಯಲ್ಲಿ ಪ್ರತಿಯೊಂದು ಕಾರ್ಯಕ್ಕೂ ಒಬ್ಬ ಹೊಣೆಗಾರನಿರುವುದು ವಾಡಿಕೆ. ಉಗ್ರಾಣದ ಬೀಗದ ಕೈ ನಂಬಿಕಸ್ತರಾದ ಒಬ್ಬ ಹಿರಿಯರ ಬಳಿ ಇರುತ್ತದೆ. ಅವರ ಅಪ್ಪಣೆಯಿಲ್ಲದೆ ಒಂದು ತೆಂಗಿನಕಾಯಿಯೂ ಹೊರಗೆ ಬಾರದು. ಮುಯ್ಯಿ ಬರೆದುಕೊಳ್ಳಲು ಒಬ್ಬರು, ಬೀಗರ ಉಪಚಾರಕ್ಕೆ ಒಬ್ಬರು, ಪುರೋಹಿತರಿಗೂ ವಾಲಗದವರಿಗೂ ಸಲ್ಲಬೇಕಾದುದನ್ನು ಸಲ್ಲಿಸಲು ಮತ್ತೊಬ್ಬರು, ಹೀಗೆ ಕೆಲಸಗಳೆಲ್ಲ ಮೊದಲೇ ಹಂಚಿಹೋಗಿರುತ್ತವೆ. ಆದರೆ ಅದೇ ಛತ್ರದಲ್ಲಿ ಓಡಾಡುತ್ತಿರುವ ಮೂವತ್ತು ನಲವತ್ತು ಮಕ್ಕಳ ಹೊಣೆ ಯಾರದು ಎಂದು ವಿಚಾರಿಸಿದರೆ, "ಅದಕ್ಕೇನು, ಎಲ್ಲರೂ ಇದ್ದೇವಲ್ಲ!" ಎಂಬ ಉತ್ತರ ಬರುತ್ತದೆ. ಈ ಉತ್ತರ ಸೌಜನ್ಯದಿಂದ ಕೂಡಿದುದು. ಒಂದು ಕಾಲಕ್ಕೆ ಬಹುಮಟ್ಟಿಗೆ ನಿಜವೂ ಆಗಿದ್ದಿತು. ಇಂದು ಅದು ಎಷ್ಟರಮಟ್ಟಿಗೆ ನಿಜ, ನಿಜವಲ್ಲವಾದರೆ ಅದರಿಂದ ಮಕ್ಕಳಿಗೆ ಒದಗುವ ಹಾನಿಯೇನು, ಅದಕ್ಕೆ ಪರಿಹಾರವೇನು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಸಮಾರಂಭಗಳು ಹಲವು ಬಗೆಯವು. ಜಾತ್ರೆ, ಹರಿಕಥೆ, ನಾಮಕರಣ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಇವೆಲ್ಲವುಗಳಲ್ಲಿಯೂ ಮಕ್ಕಳು ಇರುತ್ತಾರೆ. ಆದರೆ ನಾವು ಇಲ್ಲಿ ಹಳೆಯ ಮೈಸೂರು ಪ್ರಾಂತದ ಮದುವೆಯನ್ನೇ ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಅದು ಎರಡು ಮೂರು ದಿನಗಳ ಕಾಲ ನಡೆಯುವಂಥದು; ಬಂಧುಗಳೂ ಅಪರಿಚಿತರೂ ಅಲ್ಲಿ ಒಂದೇ ಸೂರಿನಡಿ ಸೇರುತ್ತಾರೆ; ತಂದೆತಾಯಿಗಳು ತಾವೇ ಅತಿಥೇಯರೋ ಅತಿಥಿಗಳೋ ಆಗಿ ಬೇರೆ ಕರ್ತವ್ಯಗಳಲ್ಲಿ ಮುಳುಗಿರುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಈ ಲೇಖನವನ್ನು ಓದುವ ಅಧ್ಯಾಪಕರೂ ವಿದ್ಯಾರ್ಥಿಗಳೂ ನಮ್ಮ ಮಾತುಗಳನ್ನು ಮುಂದಿನ ಲಗ್ನದಲ್ಲಿ ತಾವೇ ಕಣ್ಣಾರೆ ಪರೀಕ್ಷಿಸಿ ನೋಡಬಹುದು.

ಸಮಾರಂಭವು ಮಗುವಿಗೆ ಹೇಗೆ ಕಾಣುತ್ತದೆ?

ಹಿರಿಯರು "ಮಗು ಹಟ ಮಾಡುತ್ತಿದೆ" ಎನ್ನುವ ಸಂದರ್ಭಗಳಲ್ಲಿ ಹೆಚ್ಚಿನವು ಹಟವಲ್ಲ. ಅವು ಮಗುವಿನ ಸ್ಥಿತಿಯ ಸೂಚನೆಗಳು. ಮದುವೆಯ ದಿನ ಮಗುವನ್ನು ನಸುಕಿನಲ್ಲಿಯೇ ಎಬ್ಬಿಸುತ್ತಾರೆ. ಜರಿಯಂಚು ಚುಚ್ಚುವ ಹೊಸ ಬಟ್ಟೆಯನ್ನು ತೊಡಿಸುತ್ತಾರೆ. ಮುಹೂರ್ತವು ಹನ್ನೊಂದಕ್ಕಿದ್ದರೆ ಊಟದ ಎಲೆ ಬೀಳುವ ಹೊತ್ತಿಗೆ ಒಂದೂವರೆ ಗಂಟೆ. ಮಧ್ಯೆ ಗಟ್ಟಿಮೇಳ, ಧ್ವನಿವರ್ಧಕ, ಛಾಯಾಗ್ರಾಹಕರ ಪ್ರಖರವಾದ ದೀಪಗಳು. ಹಸಿವು, ನಿದ್ದೆ, ಸದ್ದು ಮೂರೂ ಕೂಡಿದಾಗ ತನ್ನನ್ನು ತಾನು ಹತೋಟಿಯಲ್ಲಿಟ್ಟುಕೊಳ್ಳುವುದು ದೊಡ್ಡವರಿಗೂ ಕಷ್ಟ. ಆವೇಗವನ್ನು ತಡೆಹಿಡಿಯುವ ಶಕ್ತಿಗೆ ಆಧಾರವಾದ ಮಿದುಳಿನ ಮುಂಭಾಗವು ಇಪ್ಪತ್ತು ವರ್ಷ ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆಂದು ಈಗ ತಿಳಿದುಬಂದಿದೆ. ನಾಲ್ಕು ವರ್ಷದ ಮಗುವಿನಿಂದ ನಾಲ್ಕು ಗಂಟೆಗಳ ಶಾಂತಿಯನ್ನು ಬಯಸುವುದು, ಮೊಳಕೆಯಿಂದ ನೆರಳನ್ನು ಬಯಸಿದಂತೆ.

ಮಗುವು ಗುಂಪಿನಲ್ಲಿ ಹೇಗೆ ಸಂಚರಿಸುತ್ತದೆ ಎಂಬುದೂ ವಿಚಾರಾರ್ಹವಾದುದು. ಮೇರಿ ಐನ್ಸ್‌ವರ್ತರು ಮೊದಲು ಉಗಾಂಡದ ಹಳ್ಳಿಗಳಲ್ಲಿಯೂ ಅನಂತರ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿಯೂ ಶಿಶುಗಳನ್ನು ಅವಲೋಕಿಸಿ, ತಾಯಿಯು ಮಗುವಿಗೆ ಒಂದು ಭದ್ರವಾದ ನೆಲೆ ಎಂಬ ತತ್ತ್ವವನ್ನು ಪ್ರತಿಪಾದಿಸಿದರು. ಮಗುವು ಆ ನೆಲೆಯಿಂದ ಹೊರಟು ಸ್ವಲ್ಪ ದೂರ ಹೋಗಿ, ಲೋಕವನ್ನು ಮುಟ್ಟಿ ನೋಡಿ, ಮತ್ತೆ ಹಿಂದಿರುಗುತ್ತದೆ. ಧೈರ್ಯವನ್ನು ತುಂಬಿಕೊಂಡು ಮತ್ತೆ ಹೊರಡುತ್ತದೆ. ಮದುವೆಯ ಮನೆಯಲ್ಲಿ ತಾಯಿ ಈ ಕ್ಷಣ ಹಸೆಯ ಬಳಿ ಇದ್ದರೆ ಮರುಕ್ಷಣ ಬೀಗಿತ್ತಿಯರ ಕೋಣೆಯಲ್ಲಿ ಇರುತ್ತಾಳೆ. ನೆಲೆಯೇ ಚಲಿಸುತ್ತಿರುವಾಗ ಮಗುವು ಒಂದೋ ಸೆರಗನ್ನು ಬಿಡದೆ ಅಳುತ್ತದೆ, ಇಲ್ಲವೇ ಹಿಂದಿರುಗುವ ದಾರಿ ತಿಳಿಯದೆ ಅಲೆಯುತ್ತದೆ. ಮೊದಲನೆಯದನ್ನು ನಾವು ಹಟವೆನ್ನುತ್ತೇವೆ, ಎರಡನೆಯದನ್ನು ತುಂಟತನವೆನ್ನುತ್ತೇವೆ. ಎರಡಕ್ಕೂ ಕಾರಣ ಒಂದೇ.

ಅಪರಿಚಿತ ಸನ್ನಿವೇಶದಲ್ಲಿ ಮಗು ಮಾಡುವ ಮೊದಲ ಕೆಲಸ ತಾಯಿಯ ಮುಖವನ್ನು ನೋಡುವುದು. 1985ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗವೊಂದರಲ್ಲಿ, ಹನ್ನೆರಡು ತಿಂಗಳ ಶಿಶುಗಳನ್ನು ಗಾಜಿನ ಹಾಸಿನ ಕೆಳಗೆ ಹಳ್ಳವಿರುವಂತೆ ತೋರುವ ಮೇಜಿನ ಮೇಲೆ ಬಿಡಲಾಯಿತು. ಎದುರಿಗಿದ್ದ ತಾಯಿ ನಗುಮುಖದಿಂದಿದ್ದಾಗ 19 ಶಿಶುಗಳಲ್ಲಿ 14 ಆ ಹಳ್ಳವನ್ನು ದಾಟಿದವು. ತಾಯಿಯ ಮುಖದಲ್ಲಿ ಭಯವಿದ್ದಾಗ 17 ಶಿಶುಗಳಲ್ಲಿ ಒಂದೂ ದಾಟಲಿಲ್ಲ. ಮಾತಿನ ನೆರವಿಲ್ಲದೆ ಬರಿಯ ಮುಖಭಾವದಿಂದಲೇ ಇಷ್ಟು ದೊಡ್ಡ ನಿಯಂತ್ರಣವು ಸಾಧ್ಯವಾಗುತ್ತದೆ. ಮೇಲ್ವಿಚಾರಣೆಯೆಂದರೆ ಕೂಗಿ ಗದರಿಸುವುದು ಮಾತ್ರವೆಂದು ತಿಳಿದವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆದರೆ ಈ ಸಾಧನವು ಫಲಿಸಬೇಕಾದರೆ ಮಗು ತಿರುಗಿ ನೋಡಿದಾಗ ಆ ಮುಖವು ಅಲ್ಲಿರಬೇಕು. ಅದರ ದೃಷ್ಟಿ ಮಗುವಿನ ಕಡೆಗಿರಬೇಕು.

ಹಿಂದಿನ ವ್ಯವಸ್ಥೆ

ಮದುವೆಗಳು ಮನೆಯ ಮುಂದಿನ ಚಪ್ಪರದಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಮಕ್ಕಳನ್ನು ಹಿಡಿತದಲ್ಲಿಡುತ್ತಿದ್ದ ಶಕ್ತಿಗಳು ಎರಡು. ಮೊದಲನೆಯದು ಕೆಲಸ. ಬಂದವರಿಗೆ ಪನ್ನೀರು ಚಿಮುಕಿಸುವುದು, ಗಂಧ ಕೊಡುವುದು, ಕಲ್ಲುಸಕ್ಕರೆಯ ತಟ್ಟೆಯನ್ನು ಹಿಡಿದು ನಿಲ್ಲುವುದು, ಅಕ್ಷತೆಯನ್ನು ಹಂಚುವುದು, ಪಂಕ್ತಿಗೆ ಬಾಳೆಯೆಲೆ ಹಾಕುವುದು, ನೀರು ಮತ್ತು ಉಪ್ಪನ್ನು ಬಡಿಸುವುದು, ಹೊರಡುವವರಿಗೆ ತಾಂಬೂಲವನ್ನು ಎತ್ತಿಕೊಡುವುದು, ಇವೆಲ್ಲ ಬಹುತೇಕ ಮಕ್ಕಳ ಕೆಲಸಗಳಾಗಿದ್ದುವು. ಪನ್ನೀರುದಾನಿಯನ್ನು ಹಿಡಿಯುವ ಪದವಿಗಾಗಿ ಅಣ್ಣತಮ್ಮಂದಿರಲ್ಲಿ ಜಗಳವೇ ಆಗುತ್ತಿದ್ದಿತು. ಉಪ್ಪು ಬಡಿಸುವ ಹುಡುಗನಿಗೆ ಮದುವೆಯು ನೋಡುವ ವಸ್ತುವಾಗಿರಲಿಲ್ಲ. ತಾನೂ ನಡೆಸುತ್ತಿರುವ ಕಾರ್ಯವಾಗಿದ್ದಿತು. ಎಲೆಗಳನ್ನು ದಾಟಿ ಓಡಬಾರದೆಂದು ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ, ಏಕೆಂದರೆ ಆ ಎಲೆಗಳನ್ನು ಹಾಕಿದವನೇ ಅವನು.

ಮಕ್ಕಳ ಕಲಿಕೆಯನ್ನು ಕುರಿತ ಈಚಿನ ಸಂಶೋಧನೆಗಳು ಈ ಪದ್ಧತಿಯ ಅರ್ಥವನ್ನು ಚೆನ್ನಾಗಿ ಬೆಳಗಿಸುತ್ತವೆ. ಬಾರ್ಬರಾ ರೋಗಾಫ್ ಮತ್ತು ಅವರ ಸಹೋದ್ಯೋಗಿಗಳು ಗ್ವಾಟೆಮಾಲದ ಸ್ಯಾನ್ ಪೆಡ್ರೊ, ಟರ್ಕಿಯ ಕೆಚಿಯೊರೆನ್, ಅಮೆರಿಕದ ಸಾಲ್ಟ್ ಲೇಕ್ ನಗರ, ನಮ್ಮ ದೇಶದ ಧೋಲ್-ಕಿ-ಪತ್ತಿ ಎಂಬ ನಾಲ್ಕು ಕಡೆಗಳಲ್ಲಿ ಎಳೆಯ ಮಕ್ಕಳನ್ನೂ ಅವರ ಪೋಷಕರನ್ನೂ ಅವಲೋಕಿಸಿ 1993ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಹಿರಿಯರ ದೈನಂದಿನ ಬಾಳಿನಿಂದ ಮಕ್ಕಳನ್ನು ಬೇರೆ ಮಾಡದಿರುವ ಸಮುದಾಯಗಳಲ್ಲಿ ಮಕ್ಕಳು ಸುತ್ತಲಿನದನ್ನು ತೀಕ್ಷ್ಣವಾಗಿ ಗಮನಿಸುತ್ತಾರೆ, ಒಂದೇ ಕಾಲದಲ್ಲಿ ಹಲವು ಸಂಗತಿಗಳ ಮೇಲೆ ಕಣ್ಣಿಡುತ್ತಾರೆ, ನೋಡಿ ಕಲಿಯುವ ಹೊಣೆಯನ್ನು ತಾವೇ ಹೊರುತ್ತಾರೆ. ಮಕ್ಕಳು ಹಿರಿಯರ ಕೆಲಸದಿಂದ ದೂರವಿರುವೆಡೆ ಹಿರಿಯರೇ ಆಟವನ್ನೂ ಪಾಠವನ್ನೂ ಏರ್ಪಡಿಸಬೇಕಾಗುತ್ತದೆ. ನಮ್ಮ ಚಪ್ಪರದ ಮದುವೆ ಮೊದಲನೆಯ ಬಗೆಗೆ ಸೇರಿದುದು. ಇಂದಿನ ಕಲ್ಯಾಣಮಂಟಪವು ಎರಡನೆಯ ಬಗೆಯ ಕಡೆಗೆ ವಾಲಿದೆ.

ಬಿಯಾಟ್ರಿಸ್ ಮತ್ತು ಜಾನ್ ವೈಟಿಂಗ್ ದಂಪತಿಗಳು 1975ರಲ್ಲಿ ಪ್ರಕಟಿಸಿದ ಆರು ಸಂಸ್ಕೃತಿಗಳ ಅಧ್ಯಯನವನ್ನೂ ಇಲ್ಲಿ ನೆನೆಯಬೇಕು. ಮನೆಗೆಲಸ, ತಮ್ಮತಂಗಿಯರ ಪಾಲನೆ ಮೊದಲಾದ ನಿಜವಾದ ಹೊಣೆಗಳನ್ನು ಹೊರುತ್ತಿದ್ದ ಮಕ್ಕಳಲ್ಲಿ ಪರರಿಗೆ ನೆರವಾಗುವ ಸ್ವಭಾವವು ಹೆಚ್ಚೆಂದು ಅವರು ಕಂಡರು. ಕೆನ್ಯದ ನ್ಯಾನ್ಸೊಂಗೊ ಗ್ರಾಮದ ಮಕ್ಕಳು ಇದಕ್ಕೆ ಉತ್ತಮ ನಿದರ್ಶನ. ಉತ್ತರ ಪ್ರದೇಶದ ಖಾಲಾಪುರದ ರಜಪೂತ ಮಕ್ಕಳು ಈ ವಿಷಯದಲ್ಲಿ ಅಮೆರಿಕದ ಪಟ್ಟಣದ ಮಕ್ಕಳ ಸಾಲಿನಲ್ಲಿಯೇ ನಿಂತರು. ಆದುದರಿಂದ ಪೂರ್ವದೇಶದ ಮಕ್ಕಳೆಲ್ಲ ಸ್ವಭಾವತಃ ವಿನೀತರು, ಪಶ್ಚಿಮದವರೆಲ್ಲ ಉದ್ಧಟರು ಎಂಬ ಮಾತಿಗೆ ಆಧಾರವಿಲ್ಲ. ಮಗುವಿನ ನಡತೆಯನ್ನು ರೂಪಿಸುವುದು ಅದರ ಕೈಗೆ ಬಂದ ಕೆಲಸವೇ ಹೊರತು ಅದು ಹುಟ್ಟಿದ ದಿಕ್ಕಲ್ಲ.

ಎರಡನೆಯ ಶಕ್ತಿಯು ಹಂಚಿಹೋಗಿದ್ದ ಅಧಿಕಾರ. ದೊಡ್ಡಪ್ಪ, ಸೋದರತ್ತೆ, ಓರಗಿತ್ತಿ, ಪಕ್ಕದ ಮನೆಯ ಅಜ್ಜಿ, ಇವರಲ್ಲಿ ಯಾರು ಬೇಕಾದರೂ ಮಗುವನ್ನು ತಡೆಯಬಹುದಾಗಿದ್ದಿತು, ಗದರಿಸಬಹುದಾಗಿದ್ದಿತು, ಉಣ್ಣಿಸಬಹುದಾಗಿದ್ದಿತು. ಅದಕ್ಕಾಗಿ ತಾಯಿಯಾದವಳು ನೊಂದುಕೊಳ್ಳುತ್ತಿರಲಿಲ್ಲ. ಮಕ್ಕಳಿಗೂ ಎಲ್ಲರ ಹೆಸರು, ನಂಟು, ಸಿಟ್ಟು ತಿಳಿದಿದ್ದಿತು.

ಹೀಗೆಂದ ಮಾತ್ರಕ್ಕೆ ಹಿಂದಿನದೆಲ್ಲ ಚಿನ್ನವೆಂದು ನಾವು ಹೇಳುತ್ತಿಲ್ಲ. ಆ ಕಾಲದಲ್ಲಿಯೂ ಹಿತ್ತಿಲಿನ ಬಾವಿಯಿದ್ದಿತು, ತೋಡಿದ ಒಲೆಗಳಿದ್ದುವು. ಗುಮ್ಮನ ಭಯವನ್ನು ಹುಟ್ಟಿಸಿ ಮಕ್ಕಳನ್ನು ಸುಮ್ಮನಾಗಿಸುವ ರೂಢಿಯಿದ್ದಿತು. ಎಂಟು ವರ್ಷದ ಹೆಣ್ಣುಮಗು ದಿನವೆಲ್ಲ ತಮ್ಮನನ್ನು ಕಂಕುಳಲ್ಲಿ ಹೊತ್ತು ತಿರುಗಬೇಕಾಗಿದ್ದರೆ, ಹತ್ತು ವರ್ಷದ ಗಂಡುಮಗು ಗೋಲಿಯಾಡಿಕೊಂಡಿರಬಹುದಾಗಿದ್ದಿತು. ಜಾತಿಯ ಭೇದದಿಂದಾಗಿ ಕೆಲವು ಮಕ್ಕಳು ಚಪ್ಪರದ ಒಳಕ್ಕೆ ಬರುವಂತೆಯೇ ಇರಲಿಲ್ಲ. "ಎಲ್ಲರ ಮಗು" ಎಂಬ ಮಾತಿನಲ್ಲಿ ಆ "ಎಲ್ಲರೂ" ಎಂಬವರ ಎಲ್ಲೆ ಬಹಳ ಕಿರಿದಾಗಿದ್ದಿತು. ಆದುದರಿಂದ ಹಳೆಯ ವ್ಯವಸ್ಥೆಯನ್ನು ಮರಳಿ ತರಬೇಕೆಂಬುದು ನಮ್ಮ ವಾದವಲ್ಲ. ಅದು ನಡೆಸುತ್ತಿದ್ದ ಎರಡು ಕಾರ್ಯಗಳನ್ನು ಈಗ ಯಾರು ನಡೆಸುತ್ತಿದ್ದಾರೆ ಎಂಬುದೇ ನಮ್ಮ ಪ್ರಶ್ನೆ.

ಬದಲಾದ ಸನ್ನಿವೇಶ

ಮದುವೆಯು ಮನೆಯಿಂದ ಕಲ್ಯಾಣಮಂಟಪಕ್ಕೆ ಹೋದ ಮೇಲೆ ಮೊದಲು ಮಾಯವಾದುದು ಮಕ್ಕಳ ಕೆಲಸ. ಎಲೆ ಹಾಕುವವರು, ನೀರು ಬಡಿಸುವವರು ಈಗ ಅಡುಗೆಯ ಗುತ್ತಿಗೆದಾರರ ಆಳುಗಳು. ಪನ್ನೀರಿನ ಜಾಗದಲ್ಲಿ ಬಾಗಿಲ ಬಳಿ ಸಂಬಳದವರು ನಿಲ್ಲುವುದುಂಟು. ತಾಂಬೂಲದ ಚೀಲಗಳು ಸಿದ್ಧವಾಗಿಯೇ ಬರುತ್ತವೆ. ಮಗುವಿಗೆ ಉಳಿದ ಕೆಲಸ ಒಂದೇ, ಅಂದವಾಗಿ ಬಟ್ಟೆ ತೊಟ್ಟು ತೊಂದರೆ ಕೊಡದೆ ಇರುವುದು. ಏನನ್ನೂ ಮಾಡದಿರುವುದೇ ಕೆಲಸವಾದಾಗ ಯಾವ ಮಗುವೂ ಅದನ್ನು ಬಹಳ ಹೊತ್ತು ಮಾಡಲಾರದು.

ಆ ಕೊರತೆಯನ್ನು ತುಂಬಲು ಇಂದು ಮೊಬೈಲು ಬಂದಿದೆ. ಅದನ್ನು ಕೈಗಿತ್ತರೆ ಮಗು ಕುರ್ಚಿಯಲ್ಲಿ ಕೂರುತ್ತದೆಂಬುದು ನಿಜ. ಆದರೆ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಕುಳಿತು ಪರದೆ ನೋಡುವುದು ಸಲ್ಲದೆಂದು, ಅದಕ್ಕಿಂತ ಚಿಕ್ಕವರಿಗೆ ಅದು ಬೇಡವೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿದೆ. ಆರೋಗ್ಯದ ಮಾತು ಹಾಗಿರಲಿ. ನಮ್ಮ ಪ್ರಕೃತ ವಿಷಯಕ್ಕೆ ಸಂಬಂಧಿಸಿದ ನಷ್ಟವು ಬೇರೆಯದು. ಸಮಾರಂಭದಲ್ಲಿ ಹೇಗೆ ಇರಬೇಕೆಂಬುದನ್ನು ಸಮಾರಂಭವನ್ನು ನೋಡಿಯೇ ಕಲಿಯಬೇಕು. ಪರದೆಯನ್ನು ನೋಡುತ್ತಿರುವ ಮಗು ಛತ್ರದಲ್ಲಿದ್ದರೂ ಮದುವೆಯಲ್ಲಿರುವುದಿಲ್ಲ.

ಎರಡನೆಯದಾಗಿ ಹಂಚಿಹೋಗಿದ್ದ ಅಧಿಕಾರವೂ ಕರಗಿದೆ. ಒಂದು ಮಂಟಪದಲ್ಲಿ ಸೇರುವ ಏಳೆಂಟು ನೂರು ಜನರಲ್ಲಿ ವರನ ಕಚೇರಿಯವರು ವಧುವಿನ ಊರಿನವರನ್ನು ಅರಿಯರು. ಪರರ ಮಗುವನ್ನು ತಡೆದರೆ "ನಮ್ಮ ಮಗುವಿಗೆ ಹೇಳಲು ನೀವು ಯಾರು?" ಎಂಬ ಮಾತು ಬಂದೀತೆಂದು ಜನ ಅಂಜುತ್ತಾರೆ. ಅಧಿಕಾರವು ಹೋದರೂ ಅದರ ಭರವಸೆ ಮಾತ್ರ ಉಳಿದಿದೆ. ತಂದೆಯು ತಾಯಿ ನೋಡುತ್ತಿದ್ದಾಳೆಂದು, ತಾಯಿಯು ಅತ್ತೆಯ ಬಳಿ ಇದೆಯೆಂದು, ಅತ್ತೆಯು ನಾದಿನಿ ಕರೆದೊಯ್ದಳೆಂದು ನಂಬಿರುತ್ತಾರೆ. ನಾದಿನಿಯು ಸೀರೆ ಬದಲಾಯಿಸಲು ಹೋಗಿರುತ್ತಾಳೆ.

ಈ ಬಗೆಯ ಹೊಣೆಯ ಹರಿದುಹಂಚಿಕೆಯನ್ನು ಜಾನ್ ಡಾರ್ಲಿ ಮತ್ತು ಬಿಬ್ ಲಾಟಾನೆ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು. ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಯಂತ್ರದ ಮೂಲಕ ಮಾತನಾಡುತ್ತಿದ್ದ ವಿದ್ಯಾರ್ಥಿಗಳಿಗೆ, ಅವರಲ್ಲೊಬ್ಬನಿಗೆ ಮೂರ್ಛೆ ಬಂದಂತೆ ಧ್ವನಿಯು ಕೇಳಿಸಿತು. ತಾನೊಬ್ಬನೇ ಕೇಳುತ್ತಿದ್ದೇನೆಂದು ತಿಳಿದವರಲ್ಲಿ ಶೇಕಡ 85 ಮಂದಿ ಆ ಧ್ವನಿ ನಿಲ್ಲುವ ಮುನ್ನವೇ ನೆರವು ಕೋರಿದರು. ಇನ್ನೊಬ್ಬನೂ ಕೇಳುತ್ತಿದ್ದಾನೆಂದು ತಿಳಿದವರಲ್ಲಿ ಈ ಪ್ರಮಾಣವು 62ಕ್ಕೆ ಇಳಿಯಿತು. ಮತ್ತೆ ನಾಲ್ವರು ಕೇಳುತ್ತಿದ್ದಾರೆಂದು ತಿಳಿದವರಲ್ಲಿ 31ಕ್ಕೆ ಇಳಿಯಿತು. ಅವರು ನಿರ್ದಯರಾಗಿರಲಿಲ್ಲ. ಬೇರೊಬ್ಬರು ನೋಡಿಕೊಂಡಾರೆಂಬ ನಂಬಿಕೆಯೇ ಅವರ ಕೈಯನ್ನು ಹಿಡಿದಿದ್ದಿತು.

ಈ ಪ್ರಯೋಗವನ್ನೇ ಅತಿಯಾಗಿ ನೆಚ್ಚುವುದೂ ಸರಿಯಲ್ಲ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್ ಟೌನ್ ನಗರಗಳ ಬೀದಿಗಳಲ್ಲಿ ಕ್ಯಾಮರಾಗಳಿಗೆ ಸಿಕ್ಕಿದ 219 ಜಗಳಗಳನ್ನು ಪರಿಶೀಲಿಸಲಾಗಿ, ನೂರಕ್ಕೆ 91ರಲ್ಲಿ ನೋಡುಗರಲ್ಲಿ ಒಬ್ಬರಾದರೂ ನಡುವೆ ಬಂದಿದ್ದರು. ಅಪಾಯವು ಕಣ್ಣಿಗೆ ಕಟ್ಟುವಂತಿದ್ದರೆ ಜನ ಧಾವಿಸುತ್ತಾರೆ. ಆದರೆ ಮದುವೆಯ ಮನೆಯಲ್ಲಿ ಮಗುವಿನ ಅಪಾಯವು ಅಪಾಯದಂತೆ ಕಾಣುವುದಿಲ್ಲ. ಓಡುವ ಮಗು ಆಡುವ ಮಗುವಿನಂತೆಯೇ ಕಾಣುತ್ತದೆ. ಅಡುಗೆಯ ಮನೆಯ ಕಡೆಗೆ ನಡೆದ ಮಗುವಿಗೆ ಅಲ್ಲಿ ಯಾರೋ ಬೇಕಾದವರಿರಬೇಕೆಂದು ನೋಡುವವರು ತಿಳಿಯುತ್ತಾರೆ. ಹೆಚ್ಚು ಕಣ್ಣುಗಳಿರುವ ಕಡೆ ಕಾವಲು ಹೆಚ್ಚೆಂಬ ನಮ್ಮ ಎಣಿಕೆ ಇಲ್ಲಿಯೇ ತಪ್ಪುತ್ತದೆ.

ಅಪಾಯಗಳ ಸ್ವರೂಪ

ಈ ಅಪಾಯಗಳಲ್ಲಿ ಎರಡನ್ನು ಮಾತ್ರ ಎತ್ತಿ ಹೇಳುತ್ತೇವೆ. ಮೊದಲನೆಯದು ಬಿಸಿ. ಮಾರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ವೈದ್ಯವಿಜ್ಞಾನಿಗಳು 1947ರಲ್ಲಿಯೇ ತೋರಿಸಿರುವಂತೆ, 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ವಯಸ್ಕರ ಚರ್ಮವನ್ನು ಸುಮಾರು 5 ಸೆಕೆಂಡುಗಳಲ್ಲಿ ಪೂರ್ತಿ ಸುಡಬಲ್ಲುದು; 70 ಡಿಗ್ರಿಯಾದರೆ ಒಂದು ಸೆಕೆಂಡು ಸಾಕು. ಮಕ್ಕಳ ಚರ್ಮವು ಇನ್ನೂ ತೆಳು. ಒಲೆಯಿಂದ ಆಗತಾನೆ ಇಳಿದ ಸಾರು ಹುಳಿಗಳ ಉಷ್ಣತೆ ಇದಕ್ಕಿಂತ ಹೆಚ್ಚು. ಪಂಕ್ತಿಗಳ ನಡುವೆ ಬಕೆಟ್ಟನ್ನು ಹಿಡಿದು ಅವಸರದಿಂದ ಬರುವವನ ಸೊಂಟದ ಎತ್ತರ, ಹಿಡಿಯುವ ಆಟದಲ್ಲಿ ಓಡಿಬರುವ ಮಗುವಿನ ಮುಖದ ಎತ್ತರ, ಎರಡೂ ಹೆಚ್ಚುಕಡಮೆ ಒಂದೇ. ಬಡಿಸುವವನ ಅಜಾಗರೂಕತೆಯೆಂದು ಅನಂತರ ಬಯ್ಯುವುದರಿಂದ ಫಲವಿಲ್ಲ.

ಎರಡನೆಯದು ಹೇಳಲು ಸಂಕೋಚಪಡುವಂಥದು. ಆದರೆ ಆ ಸಂಕೋಚವೇ ಅದಕ್ಕೆ ಆಶ್ರಯ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮಂತ್ರಾಲಯವು 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ವಿಚಾರಿಸಿ 2007ರಲ್ಲಿ ಪ್ರಕಟಿಸಿದ ವರದಿಯಂತೆ, ಶೇಕಡ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದುದನ್ನು ತಿಳಿಸಿದರು. ದೌರ್ಜನ್ಯವೆಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಮಗುವಿನ ನಂಬಿಕೆಗೆ ಪಾತ್ರರಾದವರು. ಮಕ್ಕಳನ್ನು ಇಂಥ ಅಪರಾಧಗಳಿಂದ ರಕ್ಷಿಸಲು 2012ರಲ್ಲಿ ವಿಶೇಷ ಕಾನೂನು ಬಂದಿದೆ. ಆದರೆ ಕಾನೂನು ಬರುವುದು ಘಟನೆಯ ತರುವಾಯ. ಎಲ್ಲರೂ ನಂಟರಾಗಿ, ಕೋಣೆಗಳು ಹಲವಾಗಿ, ತಂದೆತಾಯಿಗಳು ಕಾರ್ಯಮಗ್ನರಾಗಿರುವ ಮನೆಯಲ್ಲಿ ಮಗುವಿಗಿರುವ ಮೊದಲ ರಕ್ಷೆ ಅದರ ಮಾತಿಗೆ ನಾವು ಕೊಡುವ ಬೆಲೆ. "ಮಾಮನಿಗೆ ಒಂದು ಮುತ್ತು ಕೊಡು" ಎಂದಾಗ ಮಗುವು ಹಿಂಜರಿದರೆ ನಾವು ನಗುತ್ತೇವೆ, ಬಲವಂತ ಮಾಡುತ್ತೇವೆ, ಮರ್ಯಾದೆ ತಿಳಿಯದೆಂದು ಗದರಿಸುತ್ತೇವೆ. ಒಲ್ಲೆನೆಂಬ ಮಾತಿಗೆ ಹಿರಿಯರ ಮುಂದೆ ಬೆಲೆಯಿಲ್ಲವೆಂದು ಮಗುವಿಗೆ ನಾವೇ ಕಲಿಸುತ್ತೇವೆ. ಕೈಮುಗಿದು ನಮಸ್ಕರಿಸುವುದು ನಮ್ಮಲ್ಲಿ ಇದ್ದೇ ಇದೆ. ಸೌಜನ್ಯಕ್ಕೆ ಅಷ್ಟು ಸಾಕು.

ಎರಡು ತಪ್ಪು ಹಾದಿಗಳು

ಹಿರಿಯರು ಕಣ್ಣಿಟ್ಟಿರುವಾಗಲೂ ಮೇಲ್ವಿಚಾರಣೆಯು ಎರಡು ಬಗೆಯಲ್ಲಿ ದಾರಿ ತಪ್ಪುವುದುಂಟು. ಮೊದಲನೆಯದು ಮಗುವಿನ ಹಿತಕ್ಕಾಗಿ ಅಲ್ಲದೆ ತಮ್ಮ ಮರ್ಯಾದೆಗಾಗಿ ದಂಡಿಸುವುದು. ಮನೆಯಲ್ಲಿ ಕಂಡೂ ಕಾಣದಂತಿದ್ದ ತಪ್ಪಿಗೆ ಬೀಗರೆದುರಿಗೆ ಏಟು ಬೀಳುತ್ತದೆ. ಮಗುವಿಗೆ ತಪ್ಪು ಯಾವುದೆಂದು ತಿಳಿಯುವುದಿಲ್ಲ. ಜನರಿರುವಾಗ ತನ್ನ ತಂದೆ ಬೇರೆಯಾಗುತ್ತಾರೆಂಬುದು ಮಾತ್ರ ತಿಳಿಯುತ್ತದೆ. ಅಂತೆಯೇ ಏಟು ಇನ್ನೊಂದನ್ನೂ ಕಲಿಸುತ್ತದೆ. ಆಲ್ಬರ್ಟ್ ಬಂಡೂರ ಅವರು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದ 72 ಮಕ್ಕಳ ಮೇಲೆ ನಡೆಸಿ 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದೊಡ್ಡವರು ಬೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ಅದೇ ರೀತಿಯಲ್ಲಿ ಹೊಡೆದರು, ಅದೇ ಮಾತುಗಳನ್ನು ಆಡಿದರು. ತಂಗಿಯನ್ನು ಹೊಡೆದ ಹುಡುಗನಿಗೆ "ಹೊಡೆಯುತ್ತೀಯಾ?" ಎಂದು ಕೇಳುತ್ತಲೇ ಹೊಡೆಯುವ ತಂದೆ, ಮಾತಿನಿಂದ ಒಂದನ್ನೂ ಕೈಯಿಂದ ಇನ್ನೊಂದನ್ನೂ ಬೋಧಿಸುತ್ತಾನೆ.

ಎರಡನೆಯದು ಮೂರು ಸಲ ಇಲ್ಲವೆಂದು ನಾಲ್ಕನೆಯ ಸಲ ಸೋಲುವುದು. ಮಗುವು ಮತ್ತೊಂದು ಐಸ್‌ಕ್ರೀಮನ್ನು ಬೇಡುತ್ತದೆ. ತಾಯಿ ಒಲ್ಲೆನೆನ್ನುತ್ತಾಳೆ. ಅಳುವು ಏರುತ್ತದೆ, ಜನ ತಿರುಗಿ ನೋಡುತ್ತಾರೆ, "ಪಾಪ, ಮಗು ಅಲ್ಲವೇನಮ್ಮ, ಕೊಡು" ಎಂದು ಅಜ್ಜಿ ಮಧ್ಯೆ ಬರುತ್ತಾರೆ. ಐಸ್‌ಕ್ರೀಮು ಬರುತ್ತದೆ. ಪ್ರತಿಸಲವೂ ಫಲ ಸಿಕ್ಕುವ ವರ್ತನೆಗಿಂತ ಆಗೊಮ್ಮೆ ಈಗೊಮ್ಮೆ ಫಲ ಸಿಕ್ಕುವ ವರ್ತನೆಯೇ ಬಿಡಿಸಲು ಕಷ್ಟವೆಂಬುದು ಸ್ಕಿನ್ನರ್ ಮತ್ತು ಫೆರ್‌ಸ್ಟರ್ ಅವರು 1957ರಲ್ಲಿ ಪ್ರಕಟಿಸಿದ ಅಧ್ಯಯನಗಳಿಂದ ಸ್ಥಿರಪಟ್ಟಿದೆ. ಆದುದರಿಂದ ಕೊಡುವುದಾದರೆ ಮೊದಲನೆಯ ಮಾತಿಗೇ ಕೊಡಬೇಕು. ಕೊಡಬಾರದಾದರೆ ಅಜ್ಜಿಯವರಿಗೂ ಮೊದಲೇ ತಿಳಿಸಿರಬೇಕು. ಅಜ್ಜಿಯ ಮಮತೆಯನ್ನು ನಾವು ದೂಷಿಸುತ್ತಿಲ್ಲ. ಮೊದಲ ನಾಲ್ಕೈದು ವರ್ಷ ಮಗುವನ್ನು ಯಾವುದಕ್ಕೂ ತಡೆಯದೆ ಮುದ್ದಿಸಿ, ಅನಂತರ ಗಂಡುಮಗುವನ್ನು ಥಟ್ಟನೆ ಕಟ್ಟುಪಾಡಿಗೆ ಒಳಪಡಿಸುವ ನಮ್ಮ ಕುಟುಂಬಗಳ ರೀತಿಯನ್ನು ಸುಧೀರ್ ಕಾಕರ್ ಅವರು 1978ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಆ ಎರಡು ಅವಸ್ಥೆಗಳ ಸಂಧಿಯಲ್ಲಿರುವ ಮಗು ಸಮಾರಂಭದಲ್ಲಿ ಹೆಚ್ಚು ಗೊಂದಲಕ್ಕೆ ಒಳಗಾಗುವುದು ಸಹಜ.

ಕೆಲವು ಸೂಚನೆಗಳು

ಆರು ಹೆತ್ತವಳಿಗೆ ಮೂರು ಹೆತ್ತವಳು ಬುದ್ಧಿ ಹೇಳಿದಂತೆ ಆದೀತೆಂಬ ಅಳುಕಿದ್ದರೂ, ಮೇಲಿನ ವಿವೇಚನೆಯಿಂದ ಹೊರಡುವ ನಾಲ್ಕು ಸೂಚನೆಗಳನ್ನು ಇಲ್ಲಿ ಕೊಡುತ್ತೇವೆ.

ಮೊದಲನೆಯದಾಗಿ, ಉಗ್ರಾಣಕ್ಕೆ ಇರುವಂತೆಯೇ ಮಕ್ಕಳಿಗೂ ಹೆಸರು ಹೇಳಿ ಒಬ್ಬರನ್ನು ಹೊಣೆ ಮಾಡಬೇಕು. ಇಡೀ ದಿನ ಒಬ್ಬರೇ ಇರಬೇಕಾಗಿಲ್ಲ. ಗಂಟೆಗೊಬ್ಬರಂತೆ ಸರದಿ ಮಾಡಿಕೊಳ್ಳಬಹುದು. ಆದರೆ ಸರದಿ ಬದಲಾಗುವಾಗ "ಇನ್ನು ಮಕ್ಕಳು ನಿಮ್ಮ ವಶ" ಎಂದು ಬಾಯಿಬಿಟ್ಟು ಹೇಳಬೇಕು. ಅವರು "ಆಗಲಿ" ಎನ್ನಬೇಕು. ಡಾರ್ಲಿ ಮತ್ತು ಲಾಟಾನೆ ಅವರ ಪ್ರಯೋಗದ ಸಾರವನ್ನು ಮನೆಯ ಮಾತಿನಲ್ಲಿ ಹೇಳಿದರೆ ಇಷ್ಟೇ: ಎಲ್ಲರಿಗೂ ಹೇಳಿದುದು ಯಾರಿಗೂ ಹೇಳಿದಂತಲ್ಲ. ಈ ಹೊಣೆಯು ಸದಾ ಹೆಂಗಸರಿಗೇ, ಅದರಲ್ಲಿಯೂ ಮದುವೆಯಾಗದ ಹುಡುಗಿಯರಿಗೇ ಬೀಳಬಾರದು. ಚಿಕ್ಕಪ್ಪಂದಿರೂ ಸೋದರಮಾವಂದಿರೂ ಒಂದೊಂದು ಗಂಟೆ ಇಸ್ಪೀಟಿನಿಂದ ಏಳಬಹುದು.

ಎರಡನೆಯದಾಗಿ, ಮಕ್ಕಳಿಗೆ ಕೆಲಸವನ್ನು ಮರಳಿ ಕೊಡಬೇಕು. ಗುತ್ತಿಗೆದಾರರೊಡನೆ ಮಾತನಾಡುವಾಗಲೇ ಅಕ್ಷತೆ, ಪನ್ನೀರು, ತಾಂಬೂಲದ ಚೀಲ ಇವು ಮೂರನ್ನು ಮಕ್ಕಳಿಗಾಗಿ ಉಳಿಸಿಕೊಳ್ಳಬಹುದು. ಎಂಟು ವರ್ಷ ದಾಟಿದವರು ಬಿಸಿಯಲ್ಲದ ಪದಾರ್ಥಗಳನ್ನು ಬಡಿಸಬಲ್ಲರು. ನಾಲ್ಕೈದು ವರ್ಷದವರು ಹೂವು ಕೊಡಬಲ್ಲರು. ಕೆಲಸವು ನಿಜವಾದುದಾಗಿರಬೇಕು. ಫೋಟೋಕ್ಕಾಗಿ ಒಂದು ಕ್ಷಣ ಹಿಡಿಸುವ ತಟ್ಟೆಯನ್ನು ಮಕ್ಕಳು ಕೂಡಲೇ ಗುರುತಿಸುತ್ತಾರೆ.

ಮೂರನೆಯದಾಗಿ, ಮಕ್ಕಳ ಊಟ ಮುಹೂರ್ತಕ್ಕೆ ಕಾಯಬಾರದು. ಹನ್ನೆರಡಕ್ಕೆ ಮೊದಲೇ ಒಂದು ಚಿಕ್ಕ ಪಂಕ್ತಿ, ಮಲಗಲು ಸದ್ದಿಲ್ಲದ, ಬಾಗಿಲು ತೆರೆದಿರುವ ಒಂದು ಕೋಣೆ, ಅಲ್ಲಿ ಎಲ್ಲರಿಗೂ ಪರಿಚಿತರಾದ ಒಬ್ಬಿಬ್ಬರು ಹಿರಿಯರು, ಇಷ್ಟಿದ್ದರೆ ಹಟವೆಂದು ಕರೆಯಲಾಗುವುದರಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ.

ನಾಲ್ಕನೆಯದಾಗಿ, ಹೊರಡುವ ಮುನ್ನ ಮಗುವಿಗೆ ತಿಳಿಸಬೇಕು: ಅಲ್ಲಿ ಏನು ನಡೆಯುತ್ತದೆ, ಎಲ್ಲಿಗೆ ಹೋಗಬಾರದು, ನಾವು ಕಾಣದಿದ್ದರೆ ಯಾರ ಬಳಿ ಹೋಗಬೇಕು, ಬೇಡವೆನಿಸಿದುದನ್ನು ಯಾರಿಗೆ ಹೇಳಬೇಕು. ಬೇಡವೆಂಬುದಕ್ಕಿಂತ ಹೀಗೆ ಮಾಡೆಂಬುದು ಮಕ್ಕಳಿಗೆ ಬೇಗ ಹಿಡಿಯುತ್ತದೆ. 1966ರಲ್ಲಿ ಡಯಾನಾ ಬಾಮ್‌ರಿಂಡ್ ಅವರು ವಿವರಿಸಿದ ಪಾಲನೆಯ ಮೂರು ರೀತಿಗಳಲ್ಲಿ, ಕಾರಣ ಹೇಳಿ ಕಟ್ಟುಪಾಡನ್ನು ವಿಧಿಸುವ ರೀತಿಯು ಬರಿಯ ದಂಡನೆಗೂ ಬರಿಯ ಸಲಿಗೆಗೂ ಮಿಗಿಲಾದುದು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಮದುವೆಯಲ್ಲಾದರೂ ಮಕ್ಕಳು ಸ್ವೇಚ್ಛೆಯಾಗಿ ಆಡಿಕೊಂಡಿರಬಾರದೆ, ಎಲ್ಲವನ್ನೂ ಕಾವಲಿಗೆ ಒಳಪಡಿಸಬೇಕೆ, ಎಂದು. ಆಡಬೇಕು. ದಾಯಾದಿ ಮಕ್ಕಳೆಲ್ಲ ಸೇರಿ ಕಂಬದಾಟ ಆಡಿದ ನೆನಪು ಮದುವೆಯ ಮಂತ್ರಗಳಿಗಿಂತ ಹೆಚ್ಚು ಕಾಲ ಉಳಿಯುತ್ತದೆಂಬುದನ್ನು ನಾವು ಬಲ್ಲೆವು. ಆದರೆ ಐನ್ಸ್‌ವರ್ತರ ಶಿಶುಗಳು ತೋರಿಸಿದುದು ಇದನ್ನೇ: ಹಿಂದೆ ನೆಲೆಯಿದೆಯೆಂಬ ಭರವಸೆಯುಳ್ಳ ಮಗುವೇ ಹೆಚ್ಚು ಧೈರ್ಯದಿಂದ ದೂರ ಹೋಗುತ್ತದೆ. ಒಬ್ಬರ ಕಣ್ಣು ತನ್ನ ಮೇಲಿದೆಯೆಂದು ತಿಳಿದ ಮಗುವಿಗೆ ಸ್ವಾತಂತ್ರ್ಯ ಕಡಮೆಯಾಗುವುದಿಲ್ಲ. ಅದಕ್ಕೆ ಅಂಗಳ ದೊಡ್ಡದಾಗುತ್ತದೆ.

ಉಪಸಂಹಾರ

ಮದುವೆಯ ಸಂಭ್ರಮದಲ್ಲಿ ತಾಳಿ ಕಟ್ಟುವುದನ್ನೇ ಮರೆತರೆಂಬ ಗಾದೆ ನಮ್ಮಲ್ಲಿದೆ. ತಾಳಿಯನ್ನು ನಿಜವಾಗಿ ಯಾರೂ ಮರೆಯುವುದಿಲ್ಲ, ಏಕೆಂದರೆ ಅದು ಯಾರ ಬಳಿ ಇದೆಯೆಂಬುದು ಮನೆಯವರಿಗೆಲ್ಲ ತಿಳಿದಿರುತ್ತದೆ. ಮಕ್ಕಳ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಅಷ್ಟೇ. ನಮ್ಮ ವಿದ್ಯಾರ್ಥಿಗಳು ಮುಂದೆ ಯಾವುದಾದರೊಂದು ಲಗ್ನಕ್ಕೆ ಹೋದಾಗ ಮುಹೂರ್ತದ ಹೊತ್ತಿನಲ್ಲಿ ಎಲ್ಲರೂ ಹಸೆಯ ಕಡೆಗೆ ನೋಡುತ್ತಿರುವಾಗ ಒಮ್ಮೆ ಹಿಂದಿರುಗಿ ನೋಡಲಿ. ಮಕ್ಕಳು ಎಲ್ಲಿದ್ದಾರೆ, ಅವರ ಕೈಯಲ್ಲಿ ಏನಿದೆ, ಅವರು ತಿರುಗಿ ನೋಡಿದರೆ ಕಾಣುವ ಮುಖ ಯಾರದು ಎಂಬ ಮೂರನ್ನು ಗುರುತು ಹಾಕಿಕೊಳ್ಳಲಿ. ಮೂರನೆಯದಕ್ಕೆ ಉತ್ತರ ದೊರೆಯದಿದ್ದರೆ ಗುರುತು ಹಾಕುವುದನ್ನು ಅಷ್ಟಕ್ಕೆ ನಿಲ್ಲಿಸಿ, ಎದ್ದು ಹೋಗಿ ಆ ಮಕ್ಕಳ ಬಳಿ ನಿಲ್ಲುವುದು ಉಚಿತ.